ಕಂಟ್ರೋಲ್ ಎಸ್ ಒತ್ತುವ ಎಡಗೈ

ರೋಣದ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಒಂಬತ್ತು ವರ್ಷ ಲಗ್ನಪತ್ರಿಕೆ ಟೈಪ್ ಮಾಡಿದವಳು ನಾನು. ಸೇರಿದ ದಿನವೇ ಮಾಲೀಕರು ಹೇಳಿದ್ದರು: "ಒಂದ ಸಾಲ ಹೊಡದ ಕೂಡ್ಲೇ ಕಂಟ್ರೋಲ್ ಎಸ್ ಒತ್ತವ್ವಾ. ಕರೆಂಟ್ ಹೇಳಿ ಹೋಗೂದಿಲ್ಲ." ಬೀಗರ ಹೆಸರುಗಳ ಉದ್ದ ಪಟ್ಟಿ ಎರಡು ಸಲ ಮಾಯವಾದ ಮೇಲೆ ಆ ಮಾತು ಎಡಗೈಗೆ ಇಳಿಯಿತು. ಆಮೇಲೆ ಸೇವ್ ಮಾಡುತ್ತಿದ್ದುದು ನಾನಲ್ಲ, ಕೈ.

ಪ್ರೆಸ್ ಮುಚ್ಚಿತು. ನರಗುಂದದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಒಂದು ತಿಂಗಳು ನೋಡಿ, ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತೇವೆಂದರು. ಅಲ್ಲಿ ಮೌಸ್‌ಗೆ ಬೆಲೆಯಿಲ್ಲ. ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ಎಲ್ಲ ಆಜ್ಞೆಯನ್ನೂ ಟೈಪ್ ಮಾಡಿಯೇ ಕೊಡಬೇಕು. ನಾನು ಕೂತು ಒಂದು ಸಾಲು ಹೊಡೆದರೆ ಸಾಕು, ಅದು ಗರ ಬಡಿದಂತೆ ನಿಂತುಬಿಡುತ್ತಿತ್ತು. ಏನು ಒತ್ತಿದರೂ ಒಂದು ಅಕ್ಷರವೂ ಮೂಡುತ್ತಿರಲಿಲ್ಲ. ಕೀಬೋರ್ಡ್ ಬದಲಿಸಿದೆ, ಮಷಿನ್ ಬದಲಿಸಿದೆ, ಸ್ವಿಚ್ ಆರಿಸಿ ಹಚ್ಚಿ ಮೂರು ವಾರ ದೂಡಿದೆ. ಕೇಳಲು ನಾಚಿಕೆ. ಈ ವಯಸ್ಸಿನಲ್ಲಿ ಗೊತ್ತಿಲ್ಲ ಎನ್ನಲು ಬಾಯಿ ಬರುವುದಿಲ್ಲ.

ನಾಲ್ಕನೆಯ ವಾರ ಸಿಟ್ಟು ನೆತ್ತಿಗೇರಿತು. ಹೇಗೂ ಕಾಣುವುದಿಲ್ಲವಲ್ಲ ಎಂದು, ನಿಂತ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕುಟ್ಟಿದೆ: "ಈ ಕೆಲಸ ನನಗ ಬರೂದಿಲ್ಲ." ಎಂಟರ್ ಗುದ್ದಿದೆ.

ಲ್ಯಾಬಿನ ಹಿರಿಯ ಮೇಡಂ ಎಷ್ಟು ಹೊತ್ತಿನಿಂದಲೋ ಹಿಂದೆ ನಿಂತಿದ್ದರು. "ತಂಗಿ, ಪರದಿ ಬಿಡು. ನಿನ್ನ ಎಡಗೈ ನೋಡ್ಕೋ. ಸಾಲ ಮುಗದಾಗೊಮ್ಮೆ ಏನ ಒತ್ತತೈತಿ ಅದು?"

ನೋಡಿದೆ. ಕಂಟ್ರೋಲ್ ಎಸ್ ಮೇಲೇ ಕೂತಿತ್ತು.

"ಇಲ್ಲಿ ಅದು ಸೇವ್ ಮಾಡೂದಿಲ್ಲ, ಪರದಿ ನಿಲ್ಲಸತೈತಿ. ಬಿಡಸಾಕ ಕಂಟ್ರೋಲ್ ಕ್ಯೂ," ಎಂದು ಅವರೇ ಬಗ್ಗಿ ಒತ್ತಿದರು.

ತಡೆದಿದ್ದೆಲ್ಲ ಒಮ್ಮೆಲೇ ಪರದೆಗೆ ಬಂತು, ನನ್ನ ಆ ಸಾಲೂ. ಅದರ ಕೆಳಗೆ, ಅಂಥ ಆಜ್ಞೆ ಸಿಗಲಿಲ್ಲ ಎಂದು ಯಂತ್ರದ ಉತ್ತರ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮೇಡಂ ಎರಡನ್ನೂ ನಿಧಾನಕ್ಕೆ ಓದಿದರು. "ನೀ ಬರೂದಿಲ್ಲ ಅಂತಿ. ಅಂಥಾದ್ದು ನನಗ ಗೊತ್ತಿಲ್ಲ ಅಂತೈತಿ ಅದು." ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಮುಂದಿಂದು ಹೊಡಿ."

ಕಣ್ಣು ತುಂಬಿ ಕೀಗಳು ಮಸುಕಾಗಿದ್ದವು. ಹೊಡೆದೆ.

ಆರು ವರ್ಷವಾಯಿತು, ಅದೇ ಲ್ಯಾಬಿನಲ್ಲಿದ್ದೇನೆ. ಇವತ್ತಿಗೂ ಒಮ್ಮೊಮ್ಮೆ ಸಾಲು ಮುಗಿಯುತ್ತಲೇ ಎಡಗೈ ತನ್ನ ಕೆಲಸ ಮಾಡಿಬಿಡುತ್ತದೆ. ಬೈಯುವುದಿಲ್ಲ. ಕಂಟ್ರೋಲ್ ಕ್ಯೂ ಒತ್ತಿ ಮುಂದಿನ ಸಾಲು ಹೊಡೆಯುತ್ತೇನೆ.