ಮೊಲದ ಬಾಣಂತನ

ಮೊಲ ಮಾರಿದವನು ಎರಡೂ ಹೆಣ್ಣೇ ಎಂದು ಆಣೆ ಮಾಡಿ ಹೇಳಿದ್ದ. ಕಿವಿ ನೋಡಿ, ಹಲ್ಲು ನೋಡಿ ನಾನೂ ನಂಬಿದೆ. ನೋಡಬೇಕಾದ ಜಾಗ ಬೇರೆಯೇ ಎಂದು ನನಗೇನು ಗೊತ್ತು? ಕೆಲವು ತಿಂಗಳಾದ ಮೇಲೆ ಒಂದು ದಿನ ಕಲಬುರಗಿಯ ಶಹಾಬಜಾರದ ನಮ್ಮ ಅಂಗಳದಲ್ಲಿ ಕಂದು ಮೊಲ ಬಿಳಿಯದರ ಸುತ್ತ ಗಿರಕಿ ಹೊಡೆದು, ಮೇಲೇರಿ, ಮರುಕ್ಷಣವೇ ಪಕ್ಕಕ್ಕೆ ಧೊಪ್ಪನೆ ಬಿತ್ತು. ಸತ್ತೇಹೋಯಿತೆಂದು ಒಂಬತ್ತು ವರ್ಷದ ಮಗಳು ಅಳತೊಡಗಿದಳು. ಅದು ಎದ್ದು ಮತ್ತೆ ಅದೇ ಕೆಲಸಕ್ಕೆ ಹೋಯಿತು. ನಾನು ಒಳಗೆ ಹೋಗಿ ಜೋಳ ಹಸನು ಮಾಡುತ್ತ ಕುಳಿತೆ.

ಮೂರು ವಾರದಲ್ಲಿ ಬಿಳಿ ಮೊಲದ ಹೊಟ್ಟೆ ದುಂಡಗಾಯಿತು. ಸುದ್ದಿ ನನ್ನ ತವರೂರು ಕಮಲಾಪುರಕ್ಕೆ ಮುಟ್ಟಿದ್ದೇ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅವ್ವ ಫೋನಿನಲ್ಲಿ ಅಪ್ಪಣೆ ಮಾಡಿದಳು. ಮೊಲಕ್ಕೆ ಎಲ್ಲಿಯ ತವರು ಎಂದರೆ, ನಿನ್ನ ತವರೇ ಅದರ ತವರು ಎಂದಳು. ದಸರಾ ರಜೆ ಬೇರೆ ಬಂದಿತ್ತು. ಗಂಡು ಮೊಲವನ್ನು ಒಂದೇ ಬಿಟ್ಟು ಹೋಗಬಾರದೆಂದು ಮಗಳ ಹಠ. ಆಫೀಸಿಗೆ ಮನೆಯ ಕೆಲಸವೆಂದು ರಜೆ ಬರೆದು ಕೊಟ್ಟು, ಜೋಡಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು.

ಬಾಣಂತನದಲ್ಲಿ ಅವ್ವನನ್ನು ಮೀರಿಸುವವರು ನಮ್ಮ ಓಣಿಯಲ್ಲಿಲ್ಲ. ನನ್ನ ಮಗಳು ತೂಕವಿಲ್ಲದೆ ಹುಟ್ಟಿದಾಗ, ಉಳಿಯುವುದು ಅನುಮಾನ ಎಂದವರ ಎದುರಿಗೇ ಉಳಿಸಿಕೊಂಡವಳು ಅವಳು. ಆಗ ನಾನು ಮಲಗಿದ್ದ ಕೋಣೆಯನ್ನೇ ಈಗ ಮೊಲಕ್ಕೆ ಬಿಟ್ಟುಕೊಟ್ಟಳು.

ಮೂರನೆಯ ದಿನ ಬಿಳಿ ಮೊಲ ಬಾಯಲ್ಲಿ ಹುಲ್ಲು ಕಚ್ಚಿ ತಂದು ಮೂಲೆಯಲ್ಲಿ ಗೂಡು ಮಾಡಿತು. ತನ್ನ ಎದೆಯ ರೋಮವನ್ನು ತಾನೇ ಕಿತ್ತು ಹಾಸಿ ಆರು ಮರಿ ಹಾಕಿತು. ಬೆರಳುದ್ದದ, ಕಣ್ಣು ತೆರೆಯದ, ಬೆತ್ತಲೆ ಮರಿಗಳು. ಹಾಕಿ ದೂರ ಹೋಗಿ ಗೋಡೆಗೆ ಮುಖ ಮಾಡಿ ಕುಳಿತಿತು. ಮಧ್ಯಾಹ್ನವಾದರೂ ಗೂಡಿನ ಕಡೆ ಬರಲಿಲ್ಲ. ಹಡೆದಾಕಿಗೆ ಮಕ್ಕಳ ಖಬರೇ ಇಲ್ಲವೆಂದು ಅವ್ವ ಸೆರಗು ಸಿಕ್ಕಿಸಿದಳು.

ರೋಮ ಹೊಲಸೆಂದು ತೆಗೆದು ಹಳೆಯ ಸೀರೆ ಹಾಸಿದಳು. ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ ಬಂತು, ಲೋಬಾನದ ಹೊಗೆ ಬಂತು. ಮರಿಗಳಿಗೆ ಎಣ್ಣೆ ಹಚ್ಚಿ, ಹತ್ತಿಯ ಬತ್ತಿಯಲ್ಲಿ ಆಕಳ ಹಾಲು ಹನಿಸಿದಳು. ಬಾಣಂತಿಗೆ ಗಾಳಿ ತಾಗಬಾರದೆಂದು ಕಿವಿಗೆ ಅರಿವೆ ಕಟ್ಟಲು ಹೋದಳು. ಆ ಕಿವಿಗೆ ಎಷ್ಟು ಅರಿವೆ ಸಾಕಾದೀತು? ನಾನೂ ಮಗಳೂ ಬಿದ್ದು ಬಿದ್ದು ನಕ್ಕೆವು. ಈಗ ಆ ನಗು ನೆನೆದರೆ ನಾಚಿಕೆಯಾಗುತ್ತದೆ.

ಸಂಜೆ ಕಲಬುರಗಿಯ ಪಶುವೈದ್ಯರಿಗೆ ಫೋನ್ ಮಾಡಿದೆ. ಮೊಲ ದಿನಕ್ಕೆ ಒಮ್ಮೆಯೋ ಎರಡು ಸಲವೋ, ಹೆಚ್ಚಾಗಿ ನಸುಕಿನಲ್ಲಿ, ನಾಲ್ಕು ನಿಮಿಷ ಬಂದು ಹಾಲು ಕುಡಿಸಿ ಹೋಗುತ್ತದಂತೆ. ತನ್ನ ವಾಸನೆಗೆ ಬೆಕ್ಕು ನಾಯಿ ಗೂಡು ಹುಡುಕಿಯಾವೆಂದು ದೂರ ಕೂರುವುದಂತೆ. ಗೂಡನ್ನು ಮೊದಲಿನಂತೆ ಮಾಡಿ ಕೈ ಹಚ್ಚದೆ ಬಿಡಿ, ಗಂಡನ್ನು ಈಗಲೇ ಬೇರೆ ಮಾಡಿ, ಹಡೆದ ದಿನವೇ ಮತ್ತೆ ಗರ್ಭ ನಿಲ್ಲುತ್ತದೆ ಎಂದರು.

ಅವ್ವನಿಗೆ ಹೇಳಿದೆ.

"ಆ ಡಾಕ್ಟರ ಹಡದಾನೇನು? ನಾ ಐದು ಹಡದೀನಿ," ಎಂದಳು. ನನ್ನ ಮಗಳ ಕಡೆ ಕೈ ತೋರಿಸಿ, "ಇಕಿ ಹ್ಯಾಂಗ ಉಳದಾಳ, ಅದನ್ನ ಕೇಳು ಅವಗ."

ಉಳಿದವಳು ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು. ಆಫೀಸಿನಲ್ಲಿ ಸಾಹೇಬರ ಎದುರೂ ಜಗಳಕ್ಕೆ ನಿಲ್ಲುವವಳು ನಾನು. ಅವ್ವನಿಗೆ ಎರಡನೆಯ ಸಲ ಹೇಳಲಾಗಲಿಲ್ಲ. ಗಂಡನ್ನು ಬೇರೆ ಮಾಡುವ ವಿಷಯವಂತೂ ಬಾಯಿಗೇ ಬರಲಿಲ್ಲ.

ಮರುದಿನ ಎರಡು ಮರಿ ಹೋದವು. ಆಮೇಲೆ ಮೂರು. ಕೊನೆಯದು ಅವ್ವನ ಅಂಗೈಯಲ್ಲೇ ತಣ್ಣಗಾಯಿತು. ಹಿತ್ತಲಿನ ಕೆಂಪು ಬಾಳೆಯ ಬುಡದಲ್ಲಿ ಮಗಳೇ ಮಣ್ಣು ಮುಚ್ಚಿದಳು.

ಮಾರನೆಯ ನಸುಕಿನಲ್ಲಿ ಅವ್ವ ನನ್ನ ಭುಜ ಅಲುಗಿಸಿ ಕರೆದಳು. ಬಾಗಿಲ ಸಂದಿಯಿಂದ ನೋಡಿದೆವು. ಬಿಳಿ ಮೊಲ ಬರಿದಾದ ಸೀರೆಯ ಮೇಲೆ ಹೋಗಿ ನಿಂತಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು, ಕೆಳಗೆ ಮೂಸಿ ನೋಡಿ, ಇಳಿದು ತನ್ನ ಗೋಡೆಯ ಬಳಿಗೆ ಹೋಯಿತು.

"ಹಾಲ ಕುಡಸ್ಲಾಕ ಬಂದಿತ್ತು," ಎಂದಳು ಅವ್ವ. ಆಮೇಲೆ ಅಗ್ಗಿಷ್ಟಿಕೆಯನ್ನು ಎತ್ತಿ ಹೊರಗೆ ಒಯ್ದಿಟ್ಟಳು.

ನಾವು ಹೊರಡುವಾಗ ಅವ್ವ ಮೊಲಗಳನ್ನು ಕೊಡಲಿಲ್ಲ. ಬಾಣಂತಿಯನ್ನು ಬರಿ ಉಡಿಯಲ್ಲಿ ತವರಿನಿಂದ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದಳು. ನಾನು ಮಗಳನ್ನಷ್ಟೇ ಕರೆದುಕೊಂಡು ಕಲಬುರಗಿಗೆ ಬಂದೆ.

ತಿಂಗಳು ತುಂಬುವುದರೊಳಗೆ ಒಂದು ಬೆಳಿಗ್ಗೆ ಫೋನ್ ಬಂತು. ಬಿಳಿಯದು ಮತ್ತೆ ಎದೆಯ ರೋಮ ಕಿತ್ತಿತ್ತು, ಏಳು ಮರಿ ಹಾಕಿತ್ತು. ಅವ್ವ ಕೋಣೆಗೆ ಚಿಲಕ ಹಾಕಿ ಹೊಸ್ತಿಲ ಹೊರಗೆ ಕುಳಿತಿದ್ದಳಂತೆ. ಒಳಗೆ ಮರಿಗಳು ಚಿಂಯ್‌ಗುಟ್ಟುವುದು ಕೇಳಿಸುತ್ತಿತ್ತಂತೆ.

"ಕೈ ಹಚ್ಚಿಲ್ಲವ್ವಾ ನಾ," ಎಂದಳು. "ಖರೇ, ಏನೂ ಮಾಡ್ದ ಹ್ಯಾಂಗ ಕುಂಡ್ರಬೇಕು, ಅದನ್ನರ ಹೇಳು."