ಇಟಲಿ ಕೋವಿಯ ನಂಬರು

ಇವತ್ತು ಮೂಡುಬಿದಿರೆಯಲ್ಲಿ ಒಬ್ಬರು ತುಕ್ಕು ಹಿಡಿದ ಗೇಟನ್ನು ಪಾಲಿಶ್ ಪೇಪರಿನಿಂದ ಉಜ್ಜುತ್ತಿದ್ದರು. ಆ ಸದ್ದು ನನಗೆ ಈಗಲೂ ಆಗುವುದಿಲ್ಲ.

ಅಳದಂಗಡಿಯ ಅಜ್ಜನ ಬಳಿ ಇಟಲಿ ಸೇನೆಯ ಹಳೇ ಕೋವಿಯಿತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. ಮರಳಿ ಬಂದ ಮೇಲೆ ಅಜ್ಜ ಎಣ್ಣೆಯಲ್ಲಿ ಅದ್ದಿದ ಬನಿಯನ್ ತುಂಡಿನಿಂದ ವಾರಗಟ್ಟಲೆ ತುಕ್ಕು ಒರೆಸುತ್ತಿದ್ದರು. ಆಗಿನ್ನೂ ಚಿಕ್ಕವಳಾಗಿದ್ದ ನನಗೆ ಅಷ್ಟು ತಾಳ್ಮೆಯಿರಲಿಲ್ಲ. ಒಮ್ಮೆ ಅವರು ಊಟಕ್ಕೆ ಎದ್ದಾಗ ಪಾಲಿಶ್ ಪೇಪರಿನಿಂದ ಗಸಗಸ ಉಜ್ಜಿ ಫಳಫಳ ಮಾಡಿಟ್ಟೆ. ಕೋವಿಯ ಮೇಲೆ ಕೆತ್ತಿದ್ದ, ಮೊದಲೇ ಸವೆದಿದ್ದ ನಂಬರೂ ತುಕ್ಕಿನ ಜೊತೆ ಹೋಯಿತು.

ಮುಂದಿನ ಚುನಾವಣೆಗೆ ಅಜ್ಜನ ಜೊತೆ ನಾನೂ ಠಾಣೆಗೆ ಹೋಗಿದ್ದೆ.

"ಲೈಸೆನ್ಸಿನಲ್ಲಿ ನಂಬರ್ ಉಂಟು, ಕೋವಿಯಲ್ಲಿ ಇಲ್ಲ. ಉಜ್ಜಿದ್ದು ಯಾರು?" ಎಂದರು ಪೊಲೀಸರು.

"ನಾನೇ," ಎಂದರು ಅಜ್ಜ, ನನ್ನ ಕೈ ಬಿಡದೆ.

ಕೋವಿ ಮತ್ತೆ ಮನೆಗೆ ಬರಲಿಲ್ಲ.

"ಸ್ವಲ್ಪ ನಿಧಾನ ಉಜ್ಜಿ ಮಾರಾಯ್ರೆ," ಎಂದೆ ಇವತ್ತು.

"ಗೇಟಿಗೆ ಏನಾಗ್ತದೆ ಅಕ್ಕ?" ಎಂದು ಅವರು ನಕ್ಕರು.

ಗೇಟಿಗೆ ಏನೂ ಆಗುವುದಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಅಷ್ಟೆ.