ಹೊಸ ವಾಲ್ವಿನ ಕಾರ್ಡು

ಪುತ್ತೂರಿನಲ್ಲಿ ಹೃದಯದ ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಎದೆ ಕೊಯ್ಯದೆ ತೊಡೆಯ ರಕ್ತನಾಳದ ಮೂಲಕ ಹೃದಯಕ್ಕೆ ಹೊಸ ವಾಲ್ವ್ ಹಾಕಿಸಿಕೊಂಡ ಕಡಬದ ರಬ್ಬರ್ ಕೃಷಿಕರೊಬ್ಬರು ಮೊನ್ನೆ ಬಂದರು. ಕಾಲು ಚಪ್ಪಲಿಯೊಳಗೆ ಹೋಗದಷ್ಟು ಊದಿತ್ತು.

“ವಾಲ್ವ್ ಹಾಕಿದ್ದು ಎಡಗಡೆಗೆ. ನೀನು ಬಲಗಡೆ ಎಂತ ಹುಡುಕುದು ಮಾರಾಯ್ತಿ?”

“ಹೃದಯದ ಬಲಭಾಗ ಸೋತಿದೆ. ಅದಕ್ಕೇ ಕಾಲಲ್ಲಿ ನೀರು. ನೀರಿಳಿಯುವ ಮಾತ್ರೆ ತಗೊಳ್ತಿದ್ದೀರಾ?”

“ಅದು ತಗೊಂಡ್ರೆ ಚರ್ಚಲ್ಲಿ ಪೂಜೆಯ ಮಧ್ಯೆ ನಾಲ್ಕು ಸಲ ಮೂತ್ರಕ್ಕೆ ಏಳ್ಬೇಕು. ಬಿಟ್ಟಿದ್ದೇನೆ. ಹೊಸ ವಾಲ್ವ್ ಉಂಟಲ್ಲ!”

ಆಸ್ಪತ್ರೆಯವರು ಕೊಟ್ಟಿದ್ದ, ಲ್ಯಾಮಿನೇಶನ್ ಮಾಡಿಸಿದ ವಾಲ್ವಿನ ಕಾರ್ಡನ್ನು ಜೇಬಿನಿಂದ ತೆಗೆದು ನನ್ನ ಮುಖಕ್ಕೇ ಹಿಡಿದರು. “ಫಾರಿನ್ ಮಾಲು. ಎಷ್ಟು ವರ್ಷ ಬೇಕಾದ್ರೂ ಬಾಳ್ತದೆ.”

ಅದರಲ್ಲಿ ನನಗೂ ಅನುಮಾನ ಇಲ್ಲ. ಮಾತ್ರೆ ಹೀಗೇ ಬಿಟ್ಟರೆ, ವಾಲ್ವ್ ಅವರಿಗಿಂತ ಹೆಚ್ಚೇ ಬಾಳೀತು.